ಎಡಗಾಲಿನ ಚಪ್ಪಲಿ, ಎಲ್4-ಎಲ್5 ಮತ್ತು ಏಳು ತಿಂಗಳು

ಎಡಗಾಲಿನ ಚಪ್ಪಲಿ ಕಳಚಿ ಬೀಳಲು ಶುರುವಾದದ್ದು 2024ರ ಜುಲೈ ಕೊನೆಯ ವಾರ. ದುರ್ಗಿಗುಡಿಯಲ್ಲಿ ಆಟೋ ಇಳಿದು ಆಫೀಸಿನ ಮೆಟ್ಟಿಲು ಹತ್ತಿದರೆ ಮೂರನೇ ಮೆಟ್ಟಿಲಿಗೇ ಚಪ್ಪಲಿ ಹಿಂದೆ ಉಳಿದುಬಿಡುತ್ತಿತ್ತು. ಶಿವಮೊಗ್ಗದ ಮಳೆ, ನೆನೆದು ನೆನೆದು ಸಡಿಲವಾಗಿರಬೇಕು ಅಂದುಕೊಂಡು ಗಾಂಧಿ ಬಜಾರಿನಲ್ಲಿ 320 ರೂಪಾಯಿ ಕೊಟ್ಟು ಹೊಸ ಜೊತೆ ತಂದೆ. ಅದೂ ಬಿತ್ತು. ತಪ್ಪು ಚಪ್ಪಲಿಯದ್ದಲ್ಲ, ನನ್ನ ಹೆಬ್ಬೆರಳಿನದು, ಅದರ ಮೂಲ ಸೊಂಟದ ಸ್ಲಿಪ್ ಡಿಸ್ಕ್ ಅಂತ ಗೊತ್ತಾಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಇಷ್ಟುದ್ದ ಓದಲು ಪುರುಸೊತ್ತಿಲ್ಲದವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು: ಸೊಂಟ ನೋವಿನ ಜೊತೆಗೆ ಚಪ್ಪಲಿ ಕಾಲಲ್ಲಿ ನಿಲ್ಲದಿದ್ದರೆ ಚಪ್ಪಲಿ ಅಂಗಡಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ.

ನನಗೆ 41 ವರ್ಷ. ಒಬ್ಬ ಆಡಿಟರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ಹದಿನಾರು ವರ್ಷದಿಂದ. ಜುಲೈ ಅಂದರೆ ನಮಗೆ ಆದಾಯ ತೆರಿಗೆ ರಿಟರ್ನ್ಸ್ ತಿಂಗಳು. ಆ ವರ್ಷ 31ನೇ ತಾರೀಖಿನೊಳಗೆ ಆಡಿಟ್ ಬೇಕಿಲ್ಲದವರದ್ದೆಲ್ಲ ಅಪ್‌ಲೋಡ್ ಆಗಬೇಕಿತ್ತು, ಹಾಗಾಗಿ ದಿನಕ್ಕೆ ಹತ್ತು ಹನ್ನೊಂದು ತಾಸು ಪ್ಲಾಸ್ಟಿಕ್ ಕುರ್ಚಿಯಲ್ಲೇ. ಸೊಂಟದಲ್ಲಿ ಸಣ್ಣ ಬಿಗಿತ ಮೊದಲಿಂದಲೂ ಇತ್ತು, ಯಾರಿಗೆ ಇರುವುದಿಲ್ಲ. 21ನೇ ತಾರೀಖು ಭಾನುವಾರ ಬೆಳಗ್ಗೆ ನೀರಿನ ಹುಡುಗ ಮಳೆ ಅಂತ ಕ್ಯಾನನ್ನು ಗೇಟಿನ ಹತ್ತಿರವೇ ಇಟ್ಟು ಹೋಗಿದ್ದ. ಇಪ್ಪತ್ತು ಲೀಟರ್, ಅಂದರೆ ಇಪ್ಪತ್ತು ಕೆಜಿ. ಅದನ್ನು ಎತ್ತಿ ತಂದೆ, ಅಲ್ಲಿಯವರೆಗೆ ಏನೂ ಆಗಲಿಲ್ಲ. ಅಡುಗೆಮನೆಯಲ್ಲಿ ಬಗ್ಗಿದವಳು ಬಗ್ಗಿದಂತೆಯೇ ತಿರುಗಿ ಕಟ್ಟೆಯ ಮೇಲೆ ಇಡಲು ಹೋದಾಗ ಸೊಂಟದಲ್ಲಿ ಛಳಕ್ ಅಂತು. ಕ್ಯಾನು ಕೈಬಿಡಲಿಲ್ಲ, ಇಟ್ಟೇ ಬಿಟ್ಟೆ. ಆಮೇಲೆ ನೆಟ್ಟಗೆ ನಿಲ್ಲಲು ಆಗಲಿಲ್ಲ.

"ನಡ ಹಿಡ್ಕೊಂಡಿದೆ ಅಷ್ಟೆ ಕಣೇ, ಬಿಸಿ ಬಿಸಿ ನೀರು ಹುಯ್ಕೋ" ಅಂದರು ಅತ್ತೆ. ಸಂಜೆ ಪಕ್ಕದ ಮನೆಯವರು ಏಳು ವರ್ಷದ ಮಗನನ್ನು ಕರೆದುಕೊಂಡು ಬಂದರು. ಅವನು ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವನು, ಅಂಥವರು ಸೊಂಟಕ್ಕೆ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಅಂತ ನಂಬಿಕೆ. ಆ ಮಗು ನಾಚಿಕೊಂಡು ನನ್ನ ಬೆನ್ನ ಮೇಲೆ ಪಾದ ಇಟ್ಟು, ಕೊಟ್ಟ ಚಕ್ಕುಲಿ ತಗೊಂಡು ಓಡಿಹೋಯಿತು. ಅದು ಮಗು, ಮೆಲ್ಲಗೆ ಇಟ್ಟಿತು. ದೊಡ್ಡವರು ಯಾರಾದರೂ ತುಳಿಯಲು, ಎಳೆದು ಲಟಕ್ ಅನ್ನಿಸಲು ಬಂದರೆ ಮಾತ್ರ ಒಪ್ಪಬೇಡಿ.

ಎರಡು ದಿನಕ್ಕೆ ಸೊಂಟದ ನೋವು ಇಳಿಯಿತು. ಗೆದ್ದೆ ಅಂದುಕೊಂಡೆ. ಮೂರನೇ ದಿನ ಅದೇ ನೋವು ಎಡಗಡೆಯ ಪಿರ್ರೆಯಿಂದ ತೊಡೆಯ ಹಿಂಭಾಗ, ಮೀನಖಂಡದ ಹೊರಬದಿ, ಪಾದದ ಮೇಲ್ಭಾಗದವರೆಗೆ ಕರೆಂಟಿನ ಹಾಗೆ ಇಳಿಯಲು ಶುರುವಾಯಿತು. ಕೂತರೆ ಜಾಸ್ತಿ, ನಿಂತರೆ ಕಡಿಮೆ, ಸೀನಿದರೆ ಕಣ್ಣಲ್ಲಿ ನೀರು. ಸೀನು ಬರುವ ಸೂಚನೆ ಸಿಕ್ಕಿದರೆ ಗೋಡೆ ಹುಡುಕುತ್ತಿದ್ದೆ. ಆ ವಾರವೇ ಚಪ್ಪಲಿ ಬೀಳಲು ಶುರುವಾದದ್ದು. ಆದರೂ ಜುಲೈ 31ರ ರಾತ್ರಿ ಹನ್ನೊಂದರವರೆಗೆ ಫೈಲುಗಳ ರಾಶಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಕೆಲಸ ಮುಗಿಸಿದೆ. ಬೇರೆಯವರ ಗಡುವಿಗೋಸ್ಕರ ನನ್ನ ನರವನ್ನು ಹತ್ತು ದಿನ ಕಾಯಿಸಿದೆ ಅನ್ನುವುದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಆಗಸ್ಟ್ 1ಕ್ಕೆ ಮೂಳೆ ಡಾಕ್ಟರ ಹತ್ತಿರ ಹೋದೆ. ನರ್ಸಿಂಗ್ ಹೋಮಿನ ಹೆಸರು ಬೇಡ. ಎರಡೂವರೆ ತಾಸು ಕಾದೆ, ಅದರಲ್ಲಿ ಎರಡು ತಾಸು ಗೋಡೆಗೆ ಒರಗಿ ನಿಂತೇ. ಒಳಗೆ ನಾಲ್ಕು ನಿಮಿಷ. ಎಕ್ಸ್‌ರೇ ತೆಗೆಸಿದರು, "ಏನೂ ಇಲ್ಲ, ನಾರ್ಮಲ್" ಅಂದರು. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಬೆನ್ನಿನ ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕೂ ನರವೂ ಅದರಲ್ಲಿ ಕಾಣುವುದೇ ಇಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು, ಆದರೆ ಆ ದಿನ "ನಾರ್ಮಲ್" ಅನ್ನುವ ಮಾತು ಕೇಳಿ ಯಜಮಾನರಿಗೆ ಎಷ್ಟು ಸಮಾಧಾನವಾಯಿತೆಂದರೆ ವಾಪಸ್ ಬರುವಾಗ ನನ್ನನ್ನು ಸ್ಕೂಟರಿನಲ್ಲೇ ಕೂರಿಸಿಕೊಂಡು ಬಂದರು. ಗೋಪಾಳದವರೆಗೆ ಎಷ್ಟು ಹಂಪ್ ಇದೆ ಅಂತ ಕೇಳಿ, ಹೇಳುತ್ತೇನೆ.

ಕೊಟ್ಟದ್ದು ಮೂರು ದಿನದ ಇಂಜೆಕ್ಷನ್, ನೋವಿನ ಮಾತ್ರೆ, ಸೊಂಟದ ಬೆಲ್ಟ್, ಹದಿನೈದು ದಿನ ಸಂಪೂರ್ಣ ವಿಶ್ರಾಂತಿ. ಪರೀಕ್ಷೆಗೆ ಅಂತ ಕಾಲು ಮುಟ್ಟಿ ನೋಡಲಿಲ್ಲ, ಚಪ್ಪಲಿಯ ಸಂಗತಿ ನಾನೂ ಹೇಳಲಿಲ್ಲ. ಸೊಂಟದ ಡಾಕ್ಟರಿಗೆ ಚಪ್ಪಲಿ ಕಥೆ ಯಾಕೆ ಅಂದುಕೊಂಡಿದ್ದೆ. ಒಂಬತ್ತು ದಿನ ಮಲಗಿದೆ. ಮಲಗಿ ಮಲಗಿ ಬೆನ್ನು ಮರದ ಹಲಗೆಯಾಯಿತು, ಕಾಲಿನ ನೋವು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಒಂದೆರಡು ದಿನ ಮೀರಿದ ಹಾಸಿಗೆ ವಿಶ್ರಾಂತಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು ಅನ್ನುವುದನ್ನು ಮುಂದೆ ಇಬ್ಬರು ಬೇರೆ ಬೇರೆ ಡಾಕ್ಟರು ಹೇಳಿದರು.

ಹತ್ತನೇ ದಿನ ಹೆಬ್ಬೆರಳಿನ ಮತ್ತು ಅದರ ಪಕ್ಕದ ಬೆರಳಿನ ಸಂದಿನಲ್ಲಿ ಜೋಮು ಹಿಡಿಯಿತು. ಜೋಮು ಅಂದರೆ ಕಾಲು ಮಡಚಿ ಕೂತಾಗ ಬರುತ್ತದಲ್ಲ ಅದೇ, ಆದರೆ ಬಿಡುವುದಿಲ್ಲ. ಆಗಸ್ಟ್ 12ಕ್ಕೆ ಎಂ.ಆರ್.ಐ. ಮಾಡಿಸಿದೆವು, 7,500 ರೂಪಾಯಿ. ತಾಳಿ, ಕಾಲುಂಗುರ, ಹೇರ್‌ಪಿನ್ ಎಲ್ಲ ಬಿಚ್ಚಿಸಿದರು. ಕಾಲುಂಗುರ ಹದಿನೇಳು ವರ್ಷದಿಂದ ಬಿಚ್ಚಿರಲಿಲ್ಲ, ಸೋಪು ಹಚ್ಚಿ ತೆಗೆಯಬೇಕಾಯಿತು. ಮನೆಯಲ್ಲೇ ತೆಗೆದುಕೊಂಡು ಹೋಗಿ. ಯಂತ್ರದೊಳಗೆ ಇಪ್ಪತ್ತೈದು ನಿಮಿಷ ಅಂಗಾತ ಮಲಗಬೇಕು. ಇಕ್ಕಟ್ಟಾಗಲೀ ಸದ್ದಾಗಲೀ ನನ್ನನ್ನು ಕಾಡಲಿಲ್ಲ, ಕಾಡಿದ್ದು ಕಾಲು ನೀಡಿ ಮಲಗುವುದು. ಐದು ನಿಮಿಷಕ್ಕೇ ಅಲುಗಾಡಿದೆ, ಮತ್ತೆ ಮೊದಲಿಂದ ಶುರು. ಮೊಣಕಾಲಿನ ಕೆಳಗೆ ದಿಂಬು ಇಡಿ ಅಂತ ಕೇಳಿದರೆ ಇಡುತ್ತಾರೆ. ಕೇಳಬೇಕು ಅಷ್ಟೆ.

ರಿಪೋರ್ಟು ಸಂಜೆ ವಾಟ್ಸಾಪಿಗೆ ಬಂತು, ಡಾಕ್ಟರು ಸಿಗುವುದು ಎರಡು ದಿನ ಬಿಟ್ಟು. ಆ ಎರಡು ದಿನ ಮನೆಯವರೆಲ್ಲ ಸೇರಿ ಅದನ್ನು ಓದಿದೆವು. "ಎಲ್4-ಎಲ್5 ಲೆಫ್ಟ್ ಪ್ಯಾರಾಸೆಂಟ್ರಲ್ ಡಿಸ್ಕ್ ಎಕ್ಸ್‌ಟ್ರೂಷನ್", "ನರ್ವ್ ರೂಟ್ ಕಂಪ್ರೆಷನ್", ಜೊತೆಗೆ ಬೇರೆ ಎರಡು ಕಡೆ "ಡಿಫ್ಯೂಸ್ ಬಲ್ಜ್", ಅಂದರೆ ಡಿಸ್ಕ್ ಸುತ್ತಲೂ ತುಸು ಉಬ್ಬಿರುವುದು. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮಣಿಗಳ ನಡುವಿನ ಜಾಗ. ಮೈಸೂರಿನ ನನ್ನ ಅಕ್ಕ ಫೋನ್ ಮಾಡಿ ಅತ್ತಳು. ಅತ್ತೆಗೆ ನಾನು ಅರ್ಥ ಮಾಡಿಸಿದ್ದು ಹೀಗೆ: ಬೆನ್ನಿನ ಎರಡು ಮಣಿಗಳ ನಡುವೆ ಒಂದೊಂದು ಒಬ್ಬಟ್ಟು ಇದೆ ಅನ್ಕೊಳ್ಳಿ, ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಒಂದೇ ಕಡೆ ಒತ್ತಿ ಒತ್ತಿ ಕಣಕ ಹರಿದು ಹೂರಣ ಹೊರಗೆ ಬಂದಿದೆ, ಅದು ಪಕ್ಕದಲ್ಲಿ ಕಾಲಿಗಿಳಿಯುವ ನರಕ್ಕೆ ತಾಗಿದೆ. "ಹಂಗಾದ್ರೆ ಡಿಸ್ಕು ಜಾರಿಲ್ಲ, ಹರಿದಿದೆ ಅನ್ನು" ಅಂದರು ಅತ್ತೆ. ಸ್ಲಿಪ್ ಡಿಸ್ಕ್ ಅನ್ನುವ ಹೆಸರಿಗಿಂತ ಅವರದ್ದೇ ಸರಿ.

ಎಂ.ಆರ್.ಐ. ರಿಪೋರ್ಟನ್ನು ಹೆದರದೆ ಓದುವುದು ಹೇಗೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2015ರಲ್ಲಿ, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ಮೇಲಿನ 33 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು ಬಂತು. ಅದರ ಪ್ರಕಾರ ಇಪ್ಪತ್ತರ ಹರೆಯದವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಬಲ್ಜ್ ಇರುತ್ತದೆ, ಎಂಬತ್ತರ ಹೊತ್ತಿಗೆ ಶೇ 84. ನರೆಗೂದಲಿನ ಹಾಗೆ. ಆದ್ದರಿಂದ ನನ್ನ ರಿಪೋರ್ಟಿನ ಎರಡು ಬಲ್ಜುಗಳಿಗೆ ನಾನು ಸುರಿಸಿದ ಕಣ್ಣೀರು ದಂಡ. ನೋಡಬೇಕಾದದ್ದು ನೋವಿರುವ ಕಾಲಿಗೆ ಹೊಂದುವ ಜಾಗದಲ್ಲಿ ಏನಿದೆ ಅನ್ನುವುದು. ನನಗೆ ಅದು ಎಲ್4-ಎಲ್5 ಎಡಗಡೆ. ಅಲ್ಲಿ ಒತ್ತುವುದು ಸೊಂಟದ ಐದನೇ ನರವನ್ನು, ಆ ನರದ ಕೆಲಸ ಹೆಬ್ಬೆರಳನ್ನು ಮೇಲೆತ್ತುವುದು. ಚಪ್ಪಲಿಯನ್ನು ಹಿಡಿದುಕೊಳ್ಳುವುದು ಆ ಬೆರಳೇ.

14ನೇ ತಾರೀಖು ಇನ್ನೊಬ್ಬ ಸರ್ಜನ್ನರನ್ನು ಕಂಡೆವು. ಸಿ.ಡಿ. ನೋಡಿ, "ಈ ವಾರದಲ್ಲೇ ಆಪರೇಷನ್ ಮಾಡಿಬಿಡೋಣ, ಇಲ್ಲಾಂದ್ರೆ ಕಾಲು ಹೋಗಬಹುದು" ಅಂದರು. ಪ್ಯಾಕೇಜು 1,65,000. ಕಾಲು ಹೋಗಬಹುದು ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಬೇರೇನೂ ಕೇಳಿಸಲಿಲ್ಲ. ಎರಡು ದಿನ ಬಿಟ್ಟು ವರಮಹಾಲಕ್ಷ್ಮಿ ಹಬ್ಬ. ಆ ವರ್ಷ ಸೀರೆ ಉಡಿಸಿದ್ದು, ಕಳಸ ಇಟ್ಟಿದ್ದು ಎಲ್ಲ ಏಳನೇ ಕ್ಲಾಸಿನ ಮಗಳು. ನಾನು ದೇವರ ಮುಂದೆ ಚಾಪೆ ಹಾಸಿಕೊಂಡು ಬೋರಲು ಮಲಗಿ "ನೆರಿಗೆ ಇನ್ನೂ ಸ್ವಲ್ಪ ಬಿಡು" ಅಂತ ಹೇಳುತ್ತಿದ್ದೆ. ಬೋರಲು ಮಲಗಿದರೆ ಕಾಲಿನ ನೋವು ಸ್ವಲ್ಪ ಕಡಿಮೆ ಅಂತ ನನಗೆ ಗೊತ್ತಾದದ್ದು ಆ ದಿನ.

ಇನ್ನು ವಿಮೆಯ ಕಥೆ. ಲೆಕ್ಕ ಬರೆಯುವವಳು ನಾನು, ಬೇರೆಯವರ ಪಾಲಿಸಿ ಪ್ರೀಮಿಯಮ್ಮನ್ನು ಆದಾಯ ತೆರಿಗೆಯ 80ಡಿ ಕಲಮಿನಲ್ಲಿ ವರ್ಷಾ ವರ್ಷ ತೋರಿಸುವವಳು, ನನ್ನ ಪಾಲಿಸಿಯನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. 2023ರ ಮೇನಲ್ಲಿ ಮಾಡಿಸಿದ್ದು, ಐದು ಲಕ್ಷದ್ದು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕಾಗದ ಕೊಟ್ಟು ಸ್ಟೀಲ್ ಕುರ್ಚಿಯ ಪಕ್ಕ ನಿಂತೆ. ಆಧಾರ್, ಪ್ಯಾನ್, ಪಾಲಿಸಿ, ಎಂ.ಆರ್.ಐ., ಮೊದಲ ಡಾಕ್ಟರ ಚೀಟಿ, ಇಂಜೆಕ್ಷನ್ ಬಿಲ್ಲು. ಕೌಂಟರಿನ ಹುಡುಗ ಚೀಟಿ ತಿರುವಿ ಹಾಕಿ ಮೆಲ್ಲಗೆ ಕೇಳಿದ: "ಮೇಡಂ, ನೀವು ಎಲ್ಲಾದರೂ ಬಿದ್ದಿದ್ರಾ? ನೆನಪು ಮಾಡ್ಕೊಳ್ಳಿ."

ಯಾಕೆ ಕೇಳುತ್ತಿದ್ದಾನೆ ಅಂತ ಮೊದಲು ತಿಳಿಯಲಿಲ್ಲ. ಹೆಚ್ಚಿನ ಪಾಲಿಸಿಗಳಲ್ಲಿ ನಿರ್ದಿಷ್ಟ ಕಾಯಿಲೆಗಳಿಗೆ ಕಾಯುವ ಅವಧಿ ಅಂತ ಒಂದು ಪಟ್ಟಿ ಇರುತ್ತದೆ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಅವುಗಳ ಸಾಲಿನಲ್ಲೇ ಡಿಸ್ಕ್ ಪ್ರೊಲ್ಯಾಪ್ಸ್, ಅಂದರೆ ನನಗಾದ ಹಾಗೆ ಡಿಸ್ಕ್ ಹೊರಬರುವುದು. ನನ್ನದರಲ್ಲಿ 24 ತಿಂಗಳು, ಅಪಘಾತದಿಂದ ಆಗಿದ್ದರೆ ಮಾತ್ರ ವಿನಾಯಿತಿ. ನನಗೆ ಆಗಿದ್ದು 14 ತಿಂಗಳು. ಒಂದು "ಹೌದು" ಅಂದರೆ ಒಂದೂಮುಕ್ಕಾಲು ಲಕ್ಷದ ಹತ್ತಿರದ ಮಾತು. ಬಾಯಿಯವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ಚೀಟಿಯಲ್ಲೇ ನೀರಿನ ಕ್ಯಾನ್ ಎತ್ತಿದಾಗ ಅಂತ ಬರೆದಾಗಿತ್ತು. "ಇಲ್ಲಪ್ಪ, ಬಿದ್ದಿಲ್ಲ" ಅಂದೆ. ನಗದುರಹಿತ ಚಿಕಿತ್ಸೆಯ ಅರ್ಜಿಗೆ ಒಂದು ತಾಸಿನೊಳಗೆ ಉತ್ತರ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ನನ್ನ ತಿರಸ್ಕಾರ ಬಂದದ್ದು ಮರುದಿನ ಮಧ್ಯಾಹ್ನ, ಒಂದೂವರೆ ಸಾಲಿನಲ್ಲಿ.

ಇಲ್ಲಿ ನಿಮಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಸಂಬಳ 21,000 ದಾಟದವರಾಗಿದ್ದು ಆಫೀಸಿನಲ್ಲಿ ಹತ್ತು ಜನರಿದ್ದರೆ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಇದೆಯಾ ನೋಡಿ. ಚಿಕಿತ್ಸೆಯ ಜೊತೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ನಮ್ಮ ಆಫೀಸಿನಲ್ಲಿ ಆರು ಜನ, ನನ್ನ ಸಂಬಳ 22,000, ಎರಡೂ ಕಡೆಯಿಂದ ಹೊರಗೆ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ಎ.ಪಿ.ಎಲ್.ನವರಿಗೂ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ನಮ್ಮೂರಲ್ಲಿ ಮೆಗ್ಗಾನ್. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಬರೆದು ಕೊಡುತ್ತಾರೆ. ನೇರವಾಗಿ ಖಾಸಗಿಗೆ ಹೋಗಿ ಆಮೇಲೆ ಕಾಗದ ಮಾಡಿಸೋಣ ಅಂದುಕೊಂಡರೆ ಆಗುವುದಿಲ್ಲ.

ವಿಮೆ ತಿರಸ್ಕಾರವಾದದ್ದೇ ನನ್ನ ಪಾಲಿಗೆ ಒಳ್ಳೆಯದಾಯಿತು. ದುಡ್ಡು ಹೊಂದಿಸಲು ಒಂದು ವಾರ ಬೇಕಾಯಿತು, ಆ ವಾರದಲ್ಲಿ ತಮ್ಮ "ಅಕ್ಕಾ, ಇನ್ನೊಬ್ಬರಿಗೆ ತೋರಿಸೋಣ" ಅಂದ. ಆಗಸ್ಟ್ 28ಕ್ಕೆ ಅವನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ತೀರ್ಥಹಳ್ಳಿ, ಆಗುಂಬೆ ಮೇಲೆ ಕರಾವಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದೆವು. ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನೂ ಕಣ್ಣು ಮುಚ್ಚಿಕೊಂಡು ಎಣಿಸಿದೆ, ಎಡಕ್ಕೆ ತಿರುಗಿದರೆ ಸುಖ, ಬಲಕ್ಕೆ ತಿರುಗಿದರೆ ನರಕ. ದೂರದ ದಾರಿ ಹೋಗುವವರು ಮುಕ್ಕಾಲು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಹಾಗೆ ಇಳಿದಾಗ ಚಹಾ ಕುಡಿಯಬೇಡಿ, ಘಾಟಿಯಲ್ಲಿ ಬಾತ್‌ರೂಮ್ ಹುಡುಕುವುದು ಇನ್ನೊಂದು ಕಥೆ.

ಅಲ್ಲಿನ ಡಾಕ್ಟರು ಐವತ್ತರ ಆಸುಪಾಸಿನವರು. ಫಿಲಂ ಪಕ್ಕಕ್ಕಿಟ್ಟು ಮೊದಲು ಕಾಲು ನೋಡಿದರು. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದರು, 35 ಡಿಗ್ರಿಗೆ ಕೂಗಿದೆ. ಮೊಣಕಾಲಿಗೆ, ಹಿಮ್ಮಡಿಯ ಹಿಂದೆ ಸುತ್ತಿಗೆ ತಾಗಿಸಿದರು. ತುದಿಗಾಲಲ್ಲಿ ನಡೆಸಿದರು, ಆಯಿತು. ಹಿಮ್ಮಡಿಯಲ್ಲಿ ನಡೆಯಿರಿ ಅಂದರು, ಎಡಪಾದ ಪಟಪಟ ಕೆಳಗೆ ಬಿತ್ತು. ಆಮೇಲೆ ಎರಡೂ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ ತಮ್ಮ ಬೆರಳಿನಿಂದ ಕೆಳಗೆ ಒತ್ತಿದರು. ಬಲಗಡೆಯದು ಕದಲಲಿಲ್ಲ. ಎಡಗಡೆಯದು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿತು.

"ಚಪ್ಪಲಿ ಬೀಳ್ತದಾ?" ಅಂದರು. ಅಷ್ಟು ದಿನದಲ್ಲಿ ಅದನ್ನು ಕೇಳಿದ ಮೊದಲನೇ ಡಾಕ್ಟರು ಅವರು. ನನಗೆ ಅಲ್ಲೇ ಅಳು ಬಂತು.

ಅವರು ಹೇಳಿದ್ದರ ಸಾರ ಇಷ್ಟು: ಎಡ ಹೆಬ್ಬೆರಳಿನ ಶಕ್ತಿ ಐದಕ್ಕೆ ನಾಲ್ಕಿದೆ. ಒಂದು ತಿಂಗಳಿಂದ ಹೀಗೇ ಇದ್ದರೆ, ಇಳಿಯುತ್ತಾ ಹೋಗದಿದ್ದರೆ, ಕಾಯಬಹುದು. ಬಹಳ ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತದೆ, ಹೊರಬಂದ ಭಾಗವನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಸಣ್ಣ ಉಬ್ಬಿಗಿಂತ ಹೀಗೆ ಪೂರ್ತಿ ಹೊರಗೆ ಬಂದದ್ದೇ ಬೇಗ ಕರಗುವುದು ಹೆಚ್ಚು. ಇದನ್ನು ಕೇಳಿ ನನಗೆ ನಂಬಿಕೆಯೇ ಬರಲಿಲ್ಲ. ಆಪರೇಷನ್ ಕೆಟ್ಟದ್ದು ಅಂತ ಅವರು ಹೇಳಲಿಲ್ಲ, ಅದನ್ನೂ ಬರೆಯಬೇಕು. ಬಲ ಇಳಿದರೆ ಅಥವಾ ಮೂರು ತಿಂಗಳಾದರೂ ನೋವು ಬಿಡದಿದ್ದರೆ ಅವರೇ ಮಾಡುತ್ತೇನೆ ಅಂದಿದ್ದರು. ನಮ್ಮ ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಯವರು ಮಾಡಿಸಿಕೊಂಡು ಒಂದೂವರೆ ತಿಂಗಳಿಗೆ ಅಂಗಡಿಗೆ ಬಂದಿದ್ದಾರೆ.

ಚೀಟಿಯ ಹಿಂದೆ ತಾವೇ ಕನ್ನಡದಲ್ಲಿ ಮೂರು ಸಾಲು ಬರೆದುಕೊಟ್ಟರು. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ. ಮೂತ್ರ, ಮಲದ ಜಾಗದ ಸುತ್ತ, ತೊಡೆಯ ಸಂದಿನಲ್ಲಿ ಸ್ಪರ್ಶ ಹೋದರೆ. ಎರಡೂ ಕಾಲಿನ ಬಲ ಇಳಿದರೆ ಅಥವಾ ಪಾದ ಪೂರ್ತಿ ಬಿದ್ದುಹೋದರೆ. ಇದರಲ್ಲಿ ಯಾವುದಾದರೂ ಒಂದಾದರೂ ಫೋನ್ ಮಾಡುತ್ತಾ ಕೂರಬೇಡಿ, ಅದೇ ರಾತ್ರಿ ಹೊರಡಿ, ತಾಸುಗಳ ಲೆಕ್ಕ ಅದು ಅಂದರು. ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದೆವು. ಬಂದವರು ಹೋದವರೆಲ್ಲ ಓದುತ್ತಿದ್ದರು, ಮೊದಮೊದಲು ಮುಜುಗರ, ಆಮೇಲೆ ಅಭ್ಯಾಸ.

ಕಾಯುವುದು ಅಂದರೆ ಸುಮ್ಮನೆ ಕೂರುವುದು ಅಂದುಕೊಂಡಿದ್ದೆ. ಅಲ್ಲ. ಒಂದು ಹಳೆ ಲೆಡ್ಜರಿನಲ್ಲಿ ದಿನಾ ಬರೆದೆ: ನೋವು ಎಲ್ಲಿಯವರೆಗೆ ಇಳಿದಿದೆ, ಎಷ್ಟು ನಿಮಿಷ ಕೂತೆ, ಎಷ್ಟು ನಡೆದೆ, ಹೆಬ್ಬೆರಳು ಹೇಗಿದೆ. ಬೆಳಗ್ಗೆ ಸ್ಕೂಲಿಗೆ ಹೋಗುವ ಮೊದಲು ಮಗಳು ತೋರುಬೆರಳಿನಿಂದ ನನ್ನ ಹೆಬ್ಬೆರಳನ್ನು ಒತ್ತಿ ನೋಡಿ "ನಿನ್ನೆ ತರಾನೇ" ಅಂತಲೋ "ಸ್ವಲ್ಪ ಗಟ್ಟಿ" ಅಂತಲೋ ಹೇಳುವಳು, ಬರೆದುಕೊಳ್ಳುವೆ. ನೋವು ಸುಳ್ಳು ಹೇಳುತ್ತದೆ, ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ. ಬೆರಳಿನ ಲೆಕ್ಕ ನಂಬಬಹುದು.

ನರದ ನೋವಿಗೆ ಕೊಟ್ಟ ಪ್ರಿಗ್ಯಾಬಲಿನ್ ಮಾತ್ರೆಗೆ ಮಂಪರು. ಮೊದಲ ವಾರ ಮಾತಾಡುತ್ತಾ ಮಾತಾಡುತ್ತಾ ಪದ ಮರೆತುಹೋಗುತ್ತಿತ್ತು. ಮನೆಯಿಂದ ನಾಲ್ಕು ಬಿಲ್ ಎಂಟ್ರಿ ಮಾಡಿದರೆ ಅದರಲ್ಲಿ ಎರಡರ ಜಿ.ಎಸ್.ಟಿ. ನಂಬರ್ ತಪ್ಪು. ರಾತ್ರಿ ಮಾತ್ರ ತಗೊಳ್ಳುವ ಹಾಗೆ ಬದಲಾಯಿಸಿದ ಮೇಲೆ ಪರವಾಗಿಲ್ಲ. ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಗಾಡಿಯಂತೂ ಮುಟ್ಟಬೇಡಿ.

ನೋವಿಗೆ ರಾತ್ರಿ ನಿದ್ದೆ ಇಲ್ಲ ಅಂತ ಸೆಪ್ಟೆಂಬರ್ 11ಕ್ಕೆ ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿದರು. ಗಣಪತಿ ಹಬ್ಬ ಮುಗಿದ ಮೇಲೆ ಬರುತ್ತೇನೆ ಅಂದಿದ್ದೆ, ಅದಕ್ಕೆ ಆ ತಾರೀಖು. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಸೂಜಿ ಇಳಿಸುತ್ತಾರೆ. ಚರ್ಮಕ್ಕೆ ಮೊದಲೇ ಮರಗಟ್ಟುವ ಮದ್ದು, ಆದರೆ ಸೂಜಿ ನರದ ಹತ್ತಿರ ಹೋದಾಗ ಅದೇ ಕರೆಂಟು ಪಾದದವರೆಗೆ ಹೊಡೆಯುತ್ತದೆ. "ಬಂತಾ, ಅದೇ ನೋವಾ?" ಅಂತ ಕೇಳಿದರು. ಹೌದು ಅಂದರೆ ಅವರಿಗೆ ಖುಷಿ, ಸರಿಯಾದ ಜಾಗ ಅಂತ. ಹದಿನೈದು ನಿಮಿಷದ ಕೆಲಸ, ಎರಡು ತಾಸು ಮಲಗಿಸಿ ಸಂಜೆಗೆ ಕಳಿಸಿದರು, 19,500. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕೆಲವು ದಿನ ಶುಗರ್ ಏರುತ್ತದೆ. ಮೊದಲ ಎರಡು ದಿನ ಏನೂ ಆಗಲಿಲ್ಲ, ದುಡ್ಡು ಹೋಯಿತು ಅಂದುಕೊಂಡೆ. ನಾಲ್ಕನೇ ರಾತ್ರಿ ಹತ್ತಕ್ಕೆ ಮಲಗಿದವಳಿಗೆ ಎಚ್ಚರವಾದದ್ದು ಬೆಳಗ್ಗೆ ಐದೂವರೆಗೆ. ಎರಡು ತಿಂಗಳಲ್ಲಿ ಮೊದಲನೇ ಪೂರ್ತಿ ನಿದ್ದೆ. ಇಂಜೆಕ್ಷನ್ ಡಿಸ್ಕನ್ನು ಸರಿ ಮಾಡುವುದಿಲ್ಲ, ವ್ಯಾಯಾಮ ಮಾಡಲು ಒಂದಿಷ್ಟು ವಾರ ಬಿಡುವು ಕೊಡುತ್ತದೆ. ಹಾಗೆ ತಿಳಿದುಕೊಂಡು ಹಾಕಿಸಿಕೊಂಡರೆ ನಿರಾಸೆಯಾಗುವುದಿಲ್ಲ.

ನಡುವೆ ಕಟಿಬಸ್ತಿಯನ್ನೂ ಮಾಡಿಸಿದೆ, ಏಳು ದಿನ, ಪರಿಚಯದ ವೈದ್ಯರ ಹತ್ತಿರ, ದುಡ್ಡು ತಗೊಳ್ಳಲಿಲ್ಲ. ಉದ್ದಿನ ಹಿಟ್ಟಿನಿಂದ ಸೊಂಟದ ಮೇಲೆ ಕಟ್ಟೆ ಕಟ್ಟಿ ಬೆಚ್ಚನೆ ಎಣ್ಣೆ ತುಂಬುತ್ತಾರೆ. ಸ್ನಾಯುವಿನ ಬಿಗಿತಕ್ಕೆ ಹಿತವಾಗಿತ್ತು, ಬೆರಳಿಗೆ ಏನೂ ಆಗಲಿಲ್ಲ. ಈ ಕಾಯಿಲೆಗೆ ಆಯುರ್ವೇದದಲ್ಲಿ ಗೃಧ್ರಸಿ ಅಂತ ಹೆಸರು, ಗೃಧ್ರ ಅಂದರೆ ರಣಹದ್ದು. ಹದ್ದು ನೆಲದ ಮೇಲೆ ಕುಪ್ಪಳಿಸಿ ನಡೆಯುವುದನ್ನು ನೋಡಿ ಇಟ್ಟ ಹೆಸರಂತೆ. ನನ್ನ ನಡಿಗೆ ನೋಡಿದವರು ಯಾರೂ ಅದನ್ನು ಅಲ್ಲಗಳೆಯಲಾರರು.

ಸೆಪ್ಟೆಂಬರ್ 16ರಿಂದ ಫಿಸಿಯೋಥೆರಪಿ. ಒಂದು ಸಲಕ್ಕೆ 350. ಮೊದಲು ಹೋದ ಕಡೆ ಕರೆಂಟ್ ಪ್ಯಾಡ್ ಅಂಟಿಸಿ, ಬಿಸಿ ಕೊಟ್ಟು, ಹೊಟ್ಟೆಗೆ ಪಟ್ಟಿ ಕಟ್ಟಿ ಎಳೆದು ಕಳಿಸುತ್ತಿದ್ದರು. ನಾನು ಮಾಡುವುದು ಏನೂ ಇಲ್ಲ. ಆರು ದಿನಕ್ಕೆ ಬಿಟ್ಟೆ. ಎರಡನೇ ಕಡೆ ಚಿಕ್ಕ ವಯಸ್ಸಿನ ಹುಡುಗಿ, ಯಂತ್ರ ಮುಟ್ಟಲೇ ಇಲ್ಲ. "ಅಕ್ಕಾ, ಯಾವ ಭಂಗಿಯಲ್ಲಿ ಕಾಲಿನ ನೋವು ಮೇಲಕ್ಕೆ ಬರುತ್ತೆ?" ಅಂತ ಕೇಳಿದಳು. ವರಮಹಾಲಕ್ಷ್ಮಿಯ ಚಾಪೆ ನೆನಪಾಯಿತು, ಹೇಳಿದೆ. ಅಲ್ಲಿಂದಲೇ ಶುರು. ಬೋರಲು ಮಲಗುವುದು, ಆಮೇಲೆ ಮೊಣಕೈ ಊರಿ ಎದೆ ಎತ್ತುವುದು, ಆಮೇಲೆ ಅಂಗೈ ಊರಿ, ಸೊಂಟ ನೆಲಕ್ಕೇ ಬಿಟ್ಟು. ಭುಜಂಗಾಸನದ ಹಾಗೆಯೇ, ಆದರೆ ಎರಡು ತಾಸಿಗೊಮ್ಮೆ ಹತ್ತು ಸಲ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಅನ್ನುವ ಫಿಸಿಯೋಥೆರಪಿಸ್ಟರ ಒಬ್ಬ ರೋಗಿ ತಲೆಯ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ತಪ್ಪಿ ಬೋರಲು ಮಲಗಿಬಿಟ್ಟನಂತೆ, ಐದು ನಿಮಿಷಕ್ಕೆ ಕಾಲಿನ ನೋವು ಹೋಗಿತ್ತಂತೆ. ಈ ಪದ್ಧತಿ ಅಲ್ಲಿಂದ ಬಂದದ್ದು. ಎಲ್ಲರಿಗೂ ಇದೇ ಹೊಂದುವುದಿಲ್ಲ, ಕೆಲವರಿಗೆ ಹಿಂದೆ ಬಾಗಿದರೆ ನೋವು ಹೆಚ್ಚಾಗುತ್ತದೆ. ಹಾಗಾಗಿ ನನ್ನದನ್ನು ನೋಡಿ ನೀವು ಮಾಡಬೇಡಿ, ಪರೀಕ್ಷೆ ಮಾಡಿ ಹೇಳುವವರನ್ನು ಹುಡುಕಿ.

ಹತ್ತು ದಿನವಾದ ಮೇಲೆ ಪಾದದ ನೋವು ಹೋಯಿತು, ಮೀನಖಂಡದ್ದು ಇಳಿಯಿತು, ಆದರೆ ಸೊಂಟ ಮೊದಲಿಗಿಂತ ಜಾಸ್ತಿ ನೋಯತೊಡಗಿತು. ಹೆದರಿ ಫೋನ್ ಮಾಡಿದೆ. "ಅಕ್ಕಾ, ಸ್ವೀಟ್ ತಗೊಂಡು ಬನ್ನಿ" ಅಂದಳು ಹುಡುಗಿ. ನೋವು ಕಾಲಿನಿಂದ ಬುಡಕ್ಕೆ ಹಿಂದೆ ಸರಿಯುವುದು ಒಳ್ಳೆಯ ಲಕ್ಷಣವಂತೆ, ಸೊಂಟದಲ್ಲಿ ಎಷ್ಟೇ ಇರಲಿ. ಉಲ್ಟಾ ಆಗಿ ಸೊಂಟದ್ದು ಹೋಗಿ ಕಾಲಿಗಿಳಿದರೆ ಅದು ಕೆಟ್ಟದ್ದು. ಜುಲೈನಲ್ಲಿ ಸೊಂಟದ ನೋವು ಹೋಯಿತು ಅಂತ ನಾನು ಗೆದ್ದೆ ಅಂದುಕೊಂಡಿದ್ದೆನಲ್ಲ, ಅದು ನಿಜವಾಗಿ ಸೋಲು ಶುರುವಾದ ದಿನ. ಈ ಒಂದು ಸಂಗತಿ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಯ ದಿಗಿಲು ತಪ್ಪುತ್ತಿತ್ತು.

ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳು ದೊಡ್ಡವಲ್ಲ. ದೇಸಿ ಪಾಯಿಖಾನೆಯ ಮೇಲೆ ಇಡುವ ಪ್ಲಾಸ್ಟಿಕ್ ಕಮೋಡ್ ಕುರ್ಚಿ, 1,600. ನಾನು ಖರ್ಚು ಮಾಡಿದ್ದರಲ್ಲಿ ಅತ್ಯುತ್ತಮ ಹಣ ಅದು, ಬೆಲ್ಟಿನದು ಅತಿ ದಂಡ. ಅಡುಗೆ ಕಟ್ಟೆಯ ಮೇಲೆ ಅಕ್ಕಿ ಡಬ್ಬ, ಡಬ್ಬದ ಮೇಲೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪ್. ಆ ವರ್ಷ ಟ್ಯಾಕ್ಸ್ ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 7ಕ್ಕೆ ಹೋಯಿತು, ನನ್ನ ಪಾಲಿನ ಕೆಲಸವನ್ನೆಲ್ಲ ಸಾರಿನ ಪಾತ್ರೆಯ ಪಕ್ಕ ನಿಂತೇ ಮಾಡಿದೆ. ಮಳೆ ಬಿಟ್ಟ ಸಂಜೆ ಗಾಂಧಿ ಪಾರ್ಕಿನಲ್ಲಿ ನಡಿಗೆ. ಮೊದಲ ದಿನ ಅರ್ಧ ಸುತ್ತು, ಬೆಂಚು ಕಂಡರೂ ಕೂರುವಂತಿಲ್ಲ.

ಎಲ್ಲ ಸರಿಹೋಗುತ್ತಿದೆ ಅನ್ನುವಾಗ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ, ಅಕ್ಟೋಬರ್ 30. ಹಂಡೆ ತೊಳೆದು ಬೋರಲು ಹಾಕಿದ್ದರು, ಅದನ್ನು ನೆಟ್ಟಗೆ ಮಾಡಿ ಒಲೆಯ ಮೇಲೆ ಇಡುವುದಕ್ಕೆ ನಾನೇ ಹೋದೆ. ಖಾಲಿ ಹಂಡೆ ತಾನೇ ಅಂತ. ಹಂಡೆಯ ಭಾರಕ್ಕಲ್ಲ, ಬಗ್ಗಿ ತಿರುಗಿದ್ದಕ್ಕೆ, ಅದೇ ಛಳಕ್. ನರಕ ಚತುರ್ದಶಿಯ ಎಣ್ಣೆ ಸ್ನಾನವನ್ನು ನಿಂತುಕೊಂಡೇ ಮಾಡಿದೆ, ಅಳುತ್ತಾ. ಅತ್ತೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹತ್ತು ದಿನಕ್ಕೆ ಇಳಿಯಿತು, ಬೆರಳಿನ ಬಲ ಕಡಿಮೆಯಾಗಿರಲಿಲ್ಲ, ಲೆಡ್ಜರಿನಲ್ಲಿ ಅದೊಂದೇ ಸಮಾಧಾನದ ಸಾಲು. ಹೀಗೆ ಒಂದೆರಡು ಸಲ ಮರುಕಳಿಸುವುದು ಸಾಮಾನ್ಯ, ಮತ್ತೆ ಎಂ.ಆರ್.ಐ.ಗೆ ಓಡಬೇಡಿ ಅಂದರು ಕರಾವಳಿಯ ಡಾಕ್ಟರು ಫೋನಿನಲ್ಲಿ.

ನವೆಂಬರಿನಿಂದ ಅರ್ಧ ದಿನ ಆಫೀಸು, ಜನವರಿಯಿಂದ ಪೂರ್ತಿ. ಇಪ್ಪತ್ತು ನಿಮಿಷಕ್ಕೆ ಮೊಬೈಲು ಬಡಿದುಕೊಳ್ಳುತ್ತದೆ, ಎದ್ದು ನಿಲ್ಲುತ್ತೇನೆ, ಪಕ್ಷಗಾರರು "ಕೂತ್ಕೊಳ್ಳಿ ಮೇಡಂ" ಅಂತ ಗೌರವ ಕೊಡುತ್ತಾರೆ. 2025ರ ಫೆಬ್ರುವರಿಯಲ್ಲಿ ಫಿಸಿಯೋ ನಿಲ್ಲಿಸಿದೆ. ಆ ತಿಂಗಳು ಕೂತು (ಇಪ್ಪತ್ತು ನಿಮಿಷದಂತೆ) ಲೆಕ್ಕ ಮುಗಿಸಿದೆ: ಎಕ್ಸ್‌ರೇ 450, ಎಂ.ಆರ್.ಐ. 7,500, ಡಾಕ್ಟರ ಫೀಸು ಎಲ್ಲ ಸೇರಿ 4,200, ಔಷಧಿ 11,350, ಇಂಜೆಕ್ಷನ್ 19,500, ಫಿಸಿಯೋ 46 ಸಲಕ್ಕೆ 16,100, ಬೆಲ್ಟು ಮತ್ತು ಕಮೋಡ್ ಕುರ್ಚಿ 2,550, ಎರಡು ಸಲ ಘಾಟಿ ಇಳಿದು ಹತ್ತಿದ ಖರ್ಚು 6,800. ಒಟ್ಟು 68,450. ಒಂದೂವರೆ ತಿಂಗಳ ಸಂಬಳ ಕಡಿತ 33,000 ಬೇರೆ. ಅರವತ್ತು ದಾಟದವರಿಗೆ ಈ ಬಿಲ್ಲುಗಳನ್ನು ಆದಾಯ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ, ಪ್ರೀಮಿಯಂ ಮಾತ್ರ. ಬಿಲ್ಲು ಮಾತ್ರ ಒಂದನ್ನೂ ಎಸೆದಿಲ್ಲ, ವೃತ್ತಿಯ ಚಟ.

ಈಗ ನೀರಿನ ಹುಡುಗ ಕ್ಯಾನನ್ನು ಒಳಗೆ ತಂದು ಕಟ್ಟೆಯ ಮೇಲೇ ಇಡುತ್ತಾನೆ, ಐದು ರೂಪಾಯಿ ಹೆಚ್ಚಿಗೆ. ಮಗಳು ಒತ್ತಿದರೆ ಹೆಬ್ಬೆರಳು ಕದಲುವುದಿಲ್ಲ. ಆದರೆ ಎರಡು ಬೆರಳಿನ ಸಂದಿನ ಜೋಮು ಪೂರ್ತಿ ಹೋಗಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ, ಮುಟ್ಟಿದರೆ ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ. ಅದು ಹೋಗಲು ವರ್ಷ ಹಿಡಿಯಬಹುದು, ಉಳಿದರೂ ಉಳಿಯಬಹುದು ಅಂದಿದ್ದಾರೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿ ಅರ್ಧ ದಾರಿ ಬಂದ ಮೇಲೆ ನೋಡಿಕೊಂಡರೆ ಎಡಗಾಲು ಬರಿಗಾಲು. ಡ್ರೈವರ್ ಆಟೋ ತಿರುಗಿಸಿದ, ಚಪ್ಪಲಿ ಅಲ್ಲೇ ಇತ್ತು. ಮರುದಿನ ಹೋಗಿ ಹಿಂದೆ ಪಟ್ಟಿ ಇರುವ ಚಪ್ಪಲಿ ತಗೊಂಡೆ, 450 ರೂಪಾಯಿ.